ವಹ್ನಿಯಿಂದ ಧೂಮದ ಅನುಮಾನ: ನಗರಮಾರ್ಗಗಳ ವಾಹನಧೂಮಗಣನೆಯ ಇತಿಹಾಸ

ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನವೆಂಬುದು ನ್ಯಾಯಶಾಸ್ತ್ರವನ್ನು ಓದಿದವರೆಲ್ಲರಿಗೂ ವಿದಿತವಾಗಿದೆ. ಆದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ದುಷ್ಟವಾದ ಅನುಮಾನ. ಏಕೆಂದರೆ ಹಸಿಯ ಸೌದೆಯ ಸಂಬಂಧವಿದ್ದಲ್ಲಿ ಮಾತ್ರ ಬೆಂಕಿಯು ಹೊಗೆಯನ್ನು ಕೊಡುತ್ತದೆ. ಈ ಹಸಿ ಸೌದೆಯನ್ನೇ ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಉಪಾಧಿಗೆ ಉದಾಹರಣೆಯಾಗಿ ಕೊಟ್ಟಿರುವನು. ಇಪ್ಪತ್ತನೆಯ ಶತಮಾನದ ನಗರಗಳು ಕೈಕೊಂಡುದು ಈ ಎರಡನೆಯ ಬಗೆಯ ಅನುಮಾನವನ್ನೇ. ಯಾವ ಬೀದಿಯಲ್ಲಿ ಎಷ್ಟು ವಾಹನಗಳು ಓಡುವುವೆಂದು ತಿಳಿದರೆ ಎಷ್ಟು ಹೊಗೆ ಹೊರಡುವುದೆಂದು ಹೇಳಬಹುದೆ? ಇಲ್ಲಿ ಹೊಗೆಯೆಂದರೆ ಕಣ್ಣಿಗೆ ಕಾಣದ ಅನಿಲಗಳೂ ಸೇರಿದುವೆಂದು ತಿಳಿಯತಕ್ಕದ್ದು. ಈ ಅನುಮಾನದ ಉಪಾಧಿಯು ಬಹುಕಾಲ ಉಪೇಕ್ಷಿತವಾಗಿದ್ದ ಬಗೆಯನ್ನು ಅಮೆರಿಕದ ಲಾಸ್ ಏಂಜಲೀಸ್ ನಗರದ ವೃತ್ತಾಂತವು ತೋರಿಸುತ್ತದೆ.

1943ನೆಯ ಇಸವಿ ಜುಲೈ 26ರಂದು ಆ ನಗರವನ್ನು ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧಕಾಲವಾದುದರಿಂದ ಕೆಲವರು ಶತ್ರುಗಳ ವಿಷಾನಿಲವೆಂದು ಶಂಕಿಸಿದರು. ಅನಂತರ ಕೃತಕರಬ್ಬರಿನ ಮೂಲವಸ್ತುವನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ದೋಷವನ್ನು ಹೊರಿಸಿದರು. ಕಾರ್ಖಾನೆಯ ಕೆಲಸ ನಿಂತರೂ ಮಬ್ಬು ನಿಲ್ಲಲಿಲ್ಲ. 1950ರ ದಶಕದ ಆದಿಯಲ್ಲಿ ರಸಾಯನಶಾಸ್ತ್ರಜ್ಞ ಹಾಗನ್-ಸ್ಮಿಟ್ ಎಂಬವರು, ಹೈಡ್ರೋಕಾರ್ಬನ್‌ಗಳೂ ನೈಟ್ರೊಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುವುವೆಂದು ತೋರಿಸಿಕೊಟ್ಟರು. ಇವುಗಳ ಮುಖ್ಯಮೂಲಗಳಲ್ಲಿ ಮೋಟಾರು ವಾಹನವೂ ಒಂದು. ಅಂದಿನಿಂದ ಪರಿಮಾಣದ ಪ್ರಶ್ನೆಯು ಮುಂದೆ ಬಂದಿತು.

ಲಕ್ಷಾಂತರ ವಾಹನಗಳ ಹೊಗೆಯನ್ನು ಒಂದೊಂದಾಗಿ ಅಳೆಯುವುದು ಅಶಕ್ಯ. ಆದುದರಿಂದ ಮಾರ್ಗಜಾಲವನ್ನು ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದರ ಉದ್ದವನ್ನು ಅಲ್ಲಿ ಸಂಚರಿಸುವ ವಾಹನಗಳ ಸಂಖ್ಯೆಯಿಂದ ಗುಣಿಸಿ, ಬಂದ ಫಲವನ್ನು ಮೈಲಿಗೆ ಇಷ್ಟು ಗ್ರಾಂ ಎಂಬ ಧೂಮಾಂಕದಿಂದ ಮತ್ತೆ ಗುಣಿಸುವುದು ವಾಡಿಕೆಯಾಯಿತು. ಮೈಲಿಗೆ 10 ಗ್ರಾಂ ಬಿಡುವ 1000 ವಾಹನಗಳು 2 ಮೈಲಿ ಹೋದರೆ 20 ಕಿಲೋಗ್ರಾಂ ಆಗುವುದು. ಲೆಕ್ಕವು ಸುಲಭ, ಧೂಮಾಂಕದ ಪ್ರಾಮಾಣ್ಯವೇ ವಿಚಾರಣೀಯ. ಪ್ರಯೋಗಶಾಲೆಯ ಉರುಳೆಗಳ ಮೇಲೆ ವಾಹನವನ್ನು ನಿಲ್ಲಿಸಿ, ಲಾಸ್ ಏಂಜಲೀಸಿನ ಬೀದಿಗಳ ಸಂಚಾರವನ್ನು ಅನುಸರಿಸಿ ಕಲ್ಪಿಸಿದ ಒಂದು ಕ್ರಮದಂತೆ ಅದನ್ನು ಓಡಿಸುತ್ತಿದ್ದರು. ಆ ಓಟದ ಉದ್ದ ಸುಮಾರು 7.5 ಮೈಲಿ, ಸರಾಸರಿ ವೇಗ ಗಂಟೆಗೆ 19.6 ಮೈಲಿ. ಅಂದಿನ ಉರುಳೆಯಂತ್ರಗಳ ಶಕ್ತಿಯು ಪರಿಮಿತವಾಗಿದ್ದುದರಿಂದ ವೇಗದ ಏರಿಕೆಯು ಸೆಕೆಂಡಿಗೆ ಗಂಟೆಗೆ 3.3 ಮೈಲಿಯನ್ನು ಮೀರದಂತೆ ಕಟ್ಟುಮಾಡಲಾಯಿತು. ಯಂತ್ರದ ಮಿತಿಯೇ ಪ್ರಮಾಣದ ಮಿತಿಯಾಯಿತು.

ಬೀದಿಯ ಚಾಲಕನಿಗೆ ಇಂಥ ಕಟ್ಟಿಲ್ಲ. ಅವನು ಥಟ್ಟನೆ ವೇಗವನ್ನು ಏರಿಸುವಾಗ ಎಂಜಿನ್ನಿಗೆ ಗಾಳಿಯ ಪ್ರಮಾಣಕ್ಕಿಂತ ಹೆಚ್ಚು ಇಂಧನವು ಹೋಗಿ, ಕಾರ್ಬನ್ ಮಾನಾಕ್ಸೈಡು ಅನೇಕ ಪಟ್ಟು ಹೆಚ್ಚುತ್ತದೆ. ಹಳೆಯದಾಗಿ ಕೆಟ್ಟ ವಾಹನಗಳ ವಿಷಯವೂ ಹೀಗೆಯೇ. ಇವೇ ಇಲ್ಲಿಯ ಹಸಿ ಸೌದೆ.

1987ರಲ್ಲಿ ಇದಕ್ಕೆ ಪ್ರತ್ಯಕ್ಷಪ್ರಮಾಣವು ದೊರಕಿತು. ಅದೇ ನಗರದ ವ್ಯಾನ್ ನೈಸ್ ವಿಮಾನನಿಲ್ದಾಣದ ಕೆಳಗೆ ಹಾಯ್ದಿರುವ ಸುರಂಗಮಾರ್ಗದಲ್ಲಿ ವಾಹನಗಳನ್ನು ಎಣಿಸಿ, ಒಳಗಿನ ಗಾಳಿಯನ್ನು ಪರೀಕ್ಷಿಸಿದರು. ಗಣನೆಯಿಂದ ಊಹಿಸಿದ್ದಕ್ಕಿಂತ ಕಾರ್ಬನ್ ಮಾನಾಕ್ಸೈಡು ಸುಮಾರು 2.7 ಪಟ್ಟೂ, ಹೈಡ್ರೋಕಾರ್ಬನ್‌ಗಳು ಸುಮಾರು 3.8 ಪಟ್ಟೂ ಹೆಚ್ಚಾಗಿದ್ದುವು. ಸುರಂಗದ ಅಳತೆಯೇ ತಪ್ಪಿರಬಾರದೇಕೆ ಎಂದು ಆಕ್ಷೇಪಿಸಬಹುದು. ಹಾಗಿದ್ದಲ್ಲಿ ನೈಟ್ರೊಜನ್ ಆಕ್ಸೈಡುಗಳ ಲೆಕ್ಕವೂ ಅದರಂತೆಯೇ ತಪ್ಪಬೇಕಾಗಿತ್ತು; ಅದಾದರೋ ಊಹೆಗೆ ಹೆಚ್ಚುಕಡಿಮೆ ಹೊಂದಿಕೊಂಡಿತು. ಇದಲ್ಲದೆ ಡೆನ್ವರ್ ವಿಶ್ವವಿದ್ಯಾನಿಲಯದ ಸ್ಟೆಡ್‌ಮನ್ ಎಂಬವರು ರಸ್ತೆಗೆ ಅಡ್ಡಲಾಗಿ ಅವರಕ್ತ ಕಿರಣವನ್ನು ಹಾಯಿಸಿ, ಓಡುವ ವಾಹನಗಳ ಹೊಗೆಯನ್ನು ಅಳೆದು, ಹತ್ತರಲ್ಲಿ ಒಂದು ಪಾಲಿನಷ್ಟು ವಾಹನಗಳೇ ಸುಮಾರು ಅರ್ಧದಷ್ಟು ಕಾರ್ಬನ್ ಮಾನಾಕ್ಸೈಡನ್ನು ಬಿಡುವುವೆಂದು ಸ್ಥಾಪಿಸಿದರು.

ಈ ದೋಷವು ಕೇವಲ ಲೆಕ್ಕಿಗರದಲ್ಲ. ಎರಡು ಅನಿಲಗಳ ಪರಸ್ಪರ ಪ್ರಮಾಣವನ್ನು ತಪ್ಪಾಗಿ ತಿಳಿದರೆ ಯಾವುದನ್ನು ಮೊದಲು ತಡೆಯಬೇಕೆಂಬ ನಿರ್ಣಯವೂ ತಪ್ಪುತ್ತದೆ. ರೋಗನಿದಾನ ತಪ್ಪಿದ ವೈದ್ಯನ ಔಷಧದಂತೆ ಅದರ ಫಲವನ್ನು ಉಸಿರಾಡುವ ಜನರೇ ಅನುಭವಿಸಬೇಕು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಮಂಡಲಿಯು ಇದನ್ನು ಎತ್ತಿ ತೋರಿಸಿತು. 1996ರಲ್ಲಿ ತೀವ್ರಚಾಲನೆಯ ಪರೀಕ್ಷೆಯೂ ವಿಹಿತವಾಯಿತು. 2010ರಲ್ಲಿ ಬಂದ ಮೂವ್ಸ್ ಎಂಬ ಗಣನಕ್ರಮವು ಸರಾಸರಿ ವೇಗವನ್ನೊಂದನ್ನೇ ನಂಬದೆ, ಕ್ಷಣಕ್ಷಣದ ವೇಗ, ಅದರ ಏರಿಕೆ, ಮಾರ್ಗದ ಏರು ಇವುಗಳಿಂದ ಎಂಜಿನ್ನಿನ ಶ್ರಮವನ್ನು ನಿರ್ಣಯಿಸುತ್ತದೆ.

ಬೆಂಗಳೂರು ಸೇರಿದಂತೆ ಭಾರತದ ಆರು ನಗರಗಳ ವಾಯುಮೂಲಗಳನ್ನು ಕುರಿತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2011ರಲ್ಲಿ ಪ್ರಕಟಿಸಿದ ವರದಿಗೂ ಇಂತಹ ಧೂಮಾಂಕಗಳೇ ಬೇಕಾದುವು; ಅವನ್ನು ಪುಣೆಯ ಮೋಟಾರು ಸಂಶೋಧನಾಲಯವು ಒದಗಿಸಿತು. ಆ ಕಾಲದ ದ್ವಿಚಕ್ರವಾಹನಗಳ ಭಾರತೀಯ ಪರೀಕ್ಷಾಕ್ರಮವು 108 ಸೆಕೆಂಡುಗಳ ಆವೃತ್ತಿಯಾಗಿದ್ದು, ಅದರ ಪರಮವೇಗವು ಗಂಟೆಗೆ 42 ಕಿಲೋಮೀಟರು ಮಾತ್ರ. ಲಾಸ್ ಏಂಜಲೀಸಿನ ಪಾಠವು ಇಲ್ಲಿಗೂ ಅನ್ವಯಿಸತಕ್ಕದ್ದೇ. ಅನುಮಾನವನ್ನು ಬಿಡುವಂತಿಲ್ಲ, ಅದರ ಉಪಾಧಿಯನ್ನು ಬೀದಿಯಲ್ಲಿಯೇ, ಪ್ರತ್ಯಕ್ಷದಿಂದ, ಆಗಾಗ ಶೋಧಿಸುತ್ತಿರಬೇಕು.