ಸುದ್ದಿ ದಡ ಮುಟ್ಟಿದ ಬಗೆ

2015ರ ಡಿಸೆಂಬರ್ 2ರ ಬೆಳಿಗ್ಗೆ ಚೆನ್ನೈನ ಮನೆ ಬಾಗಿಲಿಗೆ ‘ದಿ ಹಿಂದೂ’ ಬರಲಿಲ್ಲ. ಪತ್ರಿಕೆ ಅಚ್ಚೇ ಆಗಿರಲಿಲ್ಲ. ನಗರದ ಹೊರಗೆ ಮರೈಮಲೈ ನಗರದಲ್ಲಿರುವ ಮುದ್ರಣಾಲಯಕ್ಕೆ ಕೆಲಸಗಾರರು ಹೋಗಲು ದಾರಿಯೇ ಉಳಿದಿರಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆಗೆ ಇಂಥ ದಿನ ಬಂದದ್ದು ಅದೇ ಮೊದಲು. ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್ ಮಳೆ ಬಿದ್ದಿತ್ತು. ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯುಸೆಕ್ ನೀರು ಬಿಟ್ಟಿದ್ದರು. ಅಡ್ಯಾರ್ ನದಿ ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಕೋಟ್ಟೂರುಪುರಂಗಳ ಮನೆಗಳೊಳಗೆ ಹರಿಯುತ್ತಿತ್ತು.

ಕರೆಂಟಿಲ್ಲ, ಲ್ಯಾಂಡ್‌ಲೈನ್ ಸತ್ತಿದೆ, ಮೊಬೈಲಿನಲ್ಲಿ ಉಳಿದಿರುವುದು ಒಂದೋ ಎರಡೋ ಗೆರೆ ಚಾರ್ಜು. ಆ ಹೊತ್ತಿನಲ್ಲಿ ನಗರಕ್ಕೆ ಪತ್ರಿಕೆಯಾಗಿ, ಕಂಟ್ರೋಲ್ ರೂಮಾಗಿ, ಅನ್ನಛತ್ರದ ಲೆಕ್ಕದ ಪುಸ್ತಕವಾಗಿ ನಿಂತದ್ದು ಟ್ವಿಟರ್ ಮತ್ತು ಗೂಗಲ್ಲಿನ ಒಂದು ತಃಖ್ತೆ. ‘ಚೆನ್ನೈರೇನ್ಸ್’, ‘ಚೆನ್ನೈರೇನ್ಸ್‌ಹೆಲ್ಪ್’ ಎಂಬ ಹ್ಯಾಷ್‌ಟ್ಯಾಗ್‌ಗಳಡಿ ಬಂದ ಮೊರೆಗಳನ್ನು ಸ್ವಯಂಸೇವಕರು ಆ ತಃಖ್ತೆಗೆ ಇಳಿಸುತ್ತಾ ಹೋದರು. ಯಾರ ಮನೆಯಲ್ಲಿ ನಾಲ್ಕು ಜನಕ್ಕೆ ಮಲಗಲು ಜಾಗವಿದೆ, ಯಾವ ಕಲ್ಯಾಣ ಮಂಟಪದಲ್ಲಿ ಊಟ ಸಿಗುತ್ತದೆ, ಎಲ್ಲಿಗೆ ದೋಣಿ ಬೇಕು, ಎಲ್ಲವೂ ಸಾಲು ಸಾಲಾಗಿ ಬಂತು. ಒಂದೆರಡು ದಿನದಲ್ಲೇ ಅದು ಚೆನ್ನೈರೇನ್ಸ್ ಎಂಬ ಜಾಲತಾಣವಾಯಿತು.

ಈ ತಃಖ್ತೆಯಲ್ಲಿ ಹತ್ತಿರದಿಂದ ನೋಡಬೇಕಾದ ಕೆಲಸ ಒಂದಿದೆ. ಸಾಲು ತುಂಬುವುದು ಸುಲಭ, ಅಳಿಸುವುದು ಕಷ್ಟ. ಬೆಳಿಗ್ಗೆ ಸಹಾಯ ಕೇಳಿದ ಕುಟುಂಬ ಮಧ್ಯಾಹ್ನಕ್ಕೆ ದೋಣಿ ಹತ್ತಿ ಪಾರಾಗಿರುತ್ತದೆ. ಆದರೆ ಅವರ ಮೊರೆ ಸಂಜೆಯಾದರೂ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ, ಅದನ್ನು ನಂಬಿದ ಇನ್ನೊಂದು ದೋಣಿ ಖಾಲಿ ಮನೆಯ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಬಾರದೆಂದು ಕರೆಂಟ್ ಇದ್ದ ಬೇರೆ ಊರುಗಳಲ್ಲಿ ಕುಳಿತವರು ಒಂದೊಂದೇ ನಂಬರಿಗೆ ಫೋನ್ ಮಾಡಿ, ಇನ್ನೂ ಬೇಕೇ ಎಂದು ಕೇಳಿ, ಮುಗಿದ ಸಾಲನ್ನು ಮುಗಿದಿದೆ ಎಂದು ಗುರುತು ಹಾಕಿದರು. ಹತ್ತು ಬಾರಿ ಹೊಡೆದರೆ ಒಂದು ಬಾರಿ ಹೋಗುವ ಫೋನುಗಳಲ್ಲಿ ಮಾಡಿದ ಕೆಲಸ ಅದು. ಮ್ಯಾಪ್‌ಬಾಕ್ಸ್ ಸಂಸ್ಥೆಯ ಅರುಣ್ ಗಣೇಶ್ ತೆರೆದಿಟ್ಟ ನಕ್ಷೆಯಲ್ಲಿ ಜನರೇ ತಮ್ಮ ಬೀದಿಯ ಮೇಲೆ ಬೆರಳೊತ್ತಿ ಇಲ್ಲಿ ನೀರಿದೆ ಎಂದು ತೋರಿಸಿದರು. ಎರಡು ಸಾವಿರಕ್ಕೂ ಹೆಚ್ಚು ಬೀದಿಗಳು ಹಾಗೆ ಗುರುತಾದವು. ನಟ ಸಿದ್ಧಾರ್ಥ್ ಮತ್ತು ಆರ್.ಜೆ. ಬಾಲಾಜಿ ಬೀದಿಗಿಳಿದು, ಟ್ವಿಟರ್ ಮೂಲಕವೇ ಜನರನ್ನೂ ಸಾಮಾನನ್ನೂ ಕೂಡಿಸಿದರು.

ಇಂಥ ಕೆಲಸ ಈ ನಗರಕ್ಕೆ ಹೊಸತಾಗಿರಲಿಲ್ಲ. ಸುದ್ದಿಯನ್ನು ಜನರ ಕಿವಿಯವರೆಗೆ ಒಯ್ಯುವ ವಿದ್ಯೆಯನ್ನು ಚೆನ್ನೈನ ಸೇವಾ ಸಂಸ್ಥೆಗಳು ಬಹಳ ಹಿಂದಿನಿಂದ ಕಲಿಯುತ್ತಾ ಬಂದಿವೆ. 1986ರಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ‘ಸ್ನೇಹಾ’ ಕಟ್ಟಿದಾಗ ಕೈಯಲ್ಲಿದ್ದ ಸಾಧನ ಒಂದು ದೂರವಾಣಿ. ಸಾಯಬೇಕೆನ್ನಿಸಿದವರು ಫೋನ್ ಮಾಡಲಿ, ಇತ್ತ ಕಡೆ ತರಬೇತಾದ ಸ್ವಯಂಸೇವಕರೊಬ್ಬರು ಕೇಳಿಸಿಕೊಳ್ಳಲಿ ಎಂಬುದು ಅದರ ಲೆಕ್ಕ. ಮನೆಮನೆಗೆ ಫೋನಿಲ್ಲದ ಕಾಲವದು.

ದೊಡ್ಡ ಹೆಜ್ಜೆ ಬಿದ್ದದ್ದು 1998ರಲ್ಲಿ. ಚೆನ್ನೈನ ತರಮಣಿಯಲ್ಲಿರುವ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಪಕ್ಕದ ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆಯಿತು. ವಿಲ್ಲಿಯನೂರಿನಲ್ಲಿ ನಡುಕೇಂದ್ರ, ಅಲ್ಲಿಂದ ಹಳ್ಳಿಗಳಿಗೆ ವೈರ್‌ಲೆಸ್ ರೇಡಿಯೊ, ಕರೆಂಟ್ ಕೈಕೊಟ್ಟಾಗ ಸೋಲಾರ್. ಮೀನುಗಾರರ ಊರಾದ ವೀರಾಂಪಟ್ಟಿನಂನಲ್ಲಿ ಕಡಲ ಅಲೆಯ ಎತ್ತರ ಎಷ್ಟಿರುತ್ತದೆಂಬ ಮುನ್ಸೂಚನೆ ದಿನವೂ ಬೇಕಿತ್ತು. ಅದು ಸಿಗುತ್ತಿದ್ದದ್ದು ಅಮೆರಿಕದ ನೌಕಾಪಡೆಯ ಜಾಲತಾಣದಲ್ಲಿ, ಇಂಗ್ಲಿಷಿನಲ್ಲಿ. ಕೇಂದ್ರದವರು ಅದನ್ನು ಇಳಿಸಿಕೊಂಡು, ತಮಿಳಿಗೆ ತಿರುಗಿಸಿ, ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೂಗಿ ಹೇಳುತ್ತಿದ್ದರು. ಬಲೆ ಹೆಣೆಯುತ್ತಾ ಕುಳಿತವರಿಗೆ, ನಲ್ಲಿಯ ಹತ್ತಿರ ನಿಂತ ಹೆಂಗಸರಿಗೆ, ಅಕ್ಷರ ಬಾರದ ಮುದುಕರಿಗೆ ಎಲ್ಲರಿಗೂ ಅದು ಕೇಳುತ್ತಿತ್ತು. ಹಳೆಯ ಡಂಗುರದವನ ಕೆಲಸವನ್ನೇ ಉಪಗ್ರಹ ಮತ್ತು ಲೌಡ್‌ಸ್ಪೀಕರ್ ಸೇರಿ ಮಾಡುತ್ತಿದ್ದವು. ‘ನಮ್ಮ ಊರು ಸೇದಿ’ ಎಂಬ ಪುಟ್ಟ ಪತ್ರಿಕೆಯೂ ಈ ಕೇಂದ್ರಗಳಿಂದ ಹೊರಟಿತು. ತಮಿಳಿನ ‘ಸೇದಿ’ ಎಂದರೆ ಸುದ್ದಿ.

ಕೆಲವೇ ವರ್ಷಗಳಲ್ಲಿ ರೇಡಿಯೊವೂ ಈ ಕೆಲಸಕ್ಕಿಳಿಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನ ‘ನಮ್ಮ ಧ್ವನಿ’ ರೇಡಿಯೊ ಲೈಸೆನ್ಸಿಲ್ಲದೆ ಕೇಬಲ್ ತಂತಿಯ ಮೇಲೆ ಮನೆಗಳಿಗೆ ಹರಿಯುತ್ತಿತ್ತು. 2004ರ ಫೆಬ್ರುವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್.ಎಂ. ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿಯಾಗಿ ಗಾಳಿಗೇರಿತು.

ಅದೇ ವರ್ಷ ಡಿಸೆಂಬರ್ 26, ಸುನಾಮಿ ಬಂದ ಭಾನುವಾರ. ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಊರಿನ ಯುವಕನೊಬ್ಬ ಸಿಂಗಪುರದಲ್ಲಿ ದುಡಿಯುತ್ತಿದ್ದ. ಕಡಲು ಉಕ್ಕಿದ ಸುದ್ದಿ ಅಲ್ಲಿ ಕಿವಿಗೆ ಬಿದ್ದದ್ದೇ ತಡ, ಊರಿಗೆ ಫೋನ್ ಮಾಡಿದ. ಆ ಕರೆ ಒಂದು ಮನೆಯಲ್ಲೇ ನಿಂತಿದ್ದರೆ ಒಂದು ಮನೆ ಉಳಿಯುತ್ತಿತ್ತು. ನಲ್ಲವಾಡಿನಲ್ಲಿ ಪ್ರತಿಷ್ಠಾನದ ಕೇಂದ್ರವಿತ್ತು, ಅದರ ಧ್ವನಿವರ್ಧಕವಿತ್ತು, ಅಲ್ಲಿಂದ ಬಂದ ಮಾತನ್ನು ನಂಬುವ ರೂಢಿ ಊರಿಗೆ ಆಗಲೇ ಬಿದ್ದಿತ್ತು. ಓಡಿ ಎಂದು ಕೂಗಿದಾಗ ಜನ ಓಡಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಬದುಕಿದರು. ಯಾವ ಸರ್ಕಾರಿ ಎಚ್ಚರಿಕೆಯೂ ಆ ಬೆಳಿಗ್ಗೆ ಆ ಕರಾವಳಿಗೆ ತಲುಪಿರಲಿಲ್ಲ ಎಂಬುದನ್ನು ನೆನೆದರೆ ಒಂದು ಫೋನು, ಒಂದು ಲೌಡ್‌ಸ್ಪೀಕರಿನ ಬೆಲೆ ತಿಳಿಯುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ನಾಗಪಟ್ಟಿನಂ ಜಿಲ್ಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂದ ನೆರವಿನ ಹೊಳೆಯೇ ಇನ್ನೊಂದು ಪಾಠವಾಯಿತು. ದೇಶದೆಲ್ಲೆಡೆಯಿಂದ ಲಾರಿಗಟ್ಟಲೆ ಹಳೇ ಬಟ್ಟೆ ಬಂದು ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಪಾತ್ರೆ, ಬಲೆ, ಒಣ ನೆಲ ಬೇಕಿದ್ದವರು ಆ ರಾಶಿಯತ್ತ ತಿರುಗಿಯೂ ನೋಡಲಿಲ್ಲ. ಕಳಿಸಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಏನು ಬೇಕೆಂದು ಅವರಿಗೆ ಹೇಳಿದವರಿರಲಿಲ್ಲ. 2005ರ ಜನವರಿಯಲ್ಲಿ ಮೀನುಗಾರರ ಒಕ್ಕೂಟ ಸಿಫ್ಸ್ ಮತ್ತು ನಾಗಪಟ್ಟಿನಂನ ಸ್ನೇಹಾ (ಚೆನ್ನೈನ ಸ್ನೇಹಾ ಬೇರೆ) ಸೇರಿ ಸ್ವಯಂಸೇವಾ ಸಂಸ್ಥೆಗಳ ಸಮನ್ವಯ ಕೇಂದ್ರ ತೆರೆದವು. ಯಾವ ಊರಿಗೆ ಏನು ಬೇಕು, ಯಾವ ಸಂಸ್ಥೆ ಎಲ್ಲಿದೆ ಎಂಬುದನ್ನು ಒಂದೇ ಕಡೆ ಬರೆದಿಟ್ಟು ಜಿಲ್ಲಾಡಳಿತಕ್ಕೂ ಸಂಸ್ಥೆಗಳಿಗೂ ಕೊಡುವುದು ಅದರ ಮುಖ್ಯ ಕೆಲಸ. 2015ರ ಗೂಗಲ್ ತಃಖ್ತೆಯ ಅಜ್ಜ ಎಂದು ಕರೆಯಬೇಕಾದರೆ ಈ ಕೇಂದ್ರವನ್ನೇ ಕರೆಯಬೇಕು.

ಸುನಾಮಿಯ ನಂತರ ಮೊಬೈಲು ಮೀನುಗಾರರ ಅಂಗಿ ಜೇಬಿಗೂ ಬಂತು. 2007ರಲ್ಲಿ ಸ್ವಾಮಿನಾಥನ್ ಪ್ರತಿಷ್ಠಾನ ಕ್ವಾಲ್ಕಾಮ್ ಮತ್ತು ಟಾಟಾ ಟೆಲಿಸರ್ವಿಸಸ್ ಜೊತೆಗೂಡಿ ‘ಫಿಶರ್ ಫ್ರೆಂಡ್’ ಶುರುಮಾಡಿತು. ಅಲೆಯೆತ್ತರ, ಗಾಳಿಯ ವೇಗ, ಮೀನು ಹೆಚ್ಚು ಸಿಗುವ ತಾವು, ಪೇಟೆಯ ದರ ಎಲ್ಲವೂ ತಮಿಳಿನಲ್ಲಿ ಫೋನಿಗೆ ಬರತೊಡಗಿದವು. ಮೀನಿನ ತಾವಿನ ಮಾಹಿತಿ ಕೊಡುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಶ್ರೀಲಂಕಾದ ಗಡಿ ಹತ್ತಿರವಾದರೆ ಎಚ್ಚರಿಸುವ ವ್ಯವಸ್ಥೆಯೂ ಮುಂದೆ ಸೇರಿತು. ಗಡಿ ದಾಟಿ ಜೈಲು ಸೇರುವ ಭಯದಲ್ಲೇ ಬಲೆ ಬೀಸುವವರಿಗೆ ಇದು ಸಣ್ಣ ಮಾತಲ್ಲ.

ಆದರೆ ಮೊಬೈಲಿನ ಸಿಗ್ನಲ್ ದಡದಿಂದ ಬಹುದೂರ ಹೋಗದು. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿ ಕಡೆಯ ಮೀನುಗಾರರು ಆಳ ಸಮುದ್ರದಲ್ಲಿದ್ದರು. ದಿನಗಟ್ಟಲೆ ಮುಂಚೆ ಹೊರಟಿದ್ದ ಅವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ, ಅನೇಕರು ಮರಳಲಿಲ್ಲ. ಉಪಗ್ರಹದಿಂದ ಸಂದೇಶ ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ದಾಟಿಸುವ ‘ಜೆಮಿನಿ’ ಪೆಟ್ಟಿಗೆ ಬಿಡುಗಡೆಯಾದದ್ದು 2019ರ ಅಕ್ಟೋಬರಿನಲ್ಲಿ.

ಸುದ್ದಿಯ ಇನ್ನೊಂದು ಮುಖವನ್ನೂ ದಕ್ಷಿಣದ ನಗರಗಳು ಕಂಡಿವೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ನುಗ್ಗಿದರು, ಚೆನ್ನೈನಿಂದಲೂ ಹೊರಟರು. ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸದಂತೆ 15 ದಿನ ತಡೆಯಿತು. ಮೂರು ವರ್ಷದ ನಂತರ ಚೆನ್ನೈನ ಸ್ವಯಂಸೇವಕರು ಒಂದೊಂದು ಸಾಲನ್ನೂ ಫೋನ್ ಮಾಡಿ ಖಚಿತಪಡಿಸಿಕೊಂಡದ್ದರ ತೂಕ ಇದನ್ನು ನೆನೆದಾಗ ಇನ್ನೂ ಹೆಚ್ಚುತ್ತದೆ.

ಸುದ್ದಿ ಒಯ್ಯುವ ಕೆಲಸವನ್ನು ಹಾಡೂ ಮಾಡಿತು. ನೆರೆಗೆ ಕೆಲವೇ ತಿಂಗಳು ಮುಂಚೆ, 2015ರ ಜುಲೈ ಕೊನೆಯಲ್ಲಿ, ಚೆನ್ನೈನ ಹಾಡುಗಾರ್ತಿ ಸೋಫಿಯಾ ಅಶ್ರಫ್ ಅವರ ‘ಕೊಡೈಕೆನಾಲ್ ವೋಂಟ್’ ರ‍್ಯಾಪ್ ವಿಡಿಯೊ ಹೊರಬಂತು. ಕೊಡೈಕೆನಾಲಿನಲ್ಲಿದ್ದ ಯೂನಿಲಿವರ್ ಸಮೂಹದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲೇ ಮುಚ್ಚಿತ್ತು, ಪಾದರಸದ ನಡುವೆ ದುಡಿದವರು ಅಂದಿನಿಂದ ಪರಿಹಾರ ಕೇಳುತ್ತಲೇ ಇದ್ದರು. ಬೆಂಗಳೂರಿನ ಝಟ್ಕಾ ಮತ್ತು ಚೆನ್ನೈನ ವೆಟ್ಟಿವೇರ್ ಕಲೆಕ್ಟಿವ್ ಸಂಘಟನೆಗಳು ಆ ವಿಡಿಯೊವನ್ನು ಹಬ್ಬಿಸಿದ ಮೇಲೆ ಯೂನಿಲಿವರ್‌ನ ಮುಖ್ಯಸ್ಥರೇ ಟ್ವಿಟರ್‌ನಲ್ಲಿ ಉತ್ತರಿಸಬೇಕಾಯಿತು. 2016ರ ಮಾರ್ಚ್‌ನಲ್ಲಿ 591 ಮಾಜಿ ಕೆಲಸಗಾರರೊಂದಿಗೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಇದು ಹಾಡೊಂದರ ಗೆಲುವು ಎನ್ನುವುದು ಅವಸರದ ಮಾತು. ಹದಿನೈದು ವರ್ಷ ಅರ್ಜಿ, ಕೋರ್ಟು, ಧರಣಿ ಹಿಡಿದು ನಿಂತವರಿಗೆ ಹಾಡು ದನಿ ಕೊಟ್ಟಿತು.

2017ರ ಜನವರಿಯಲ್ಲಿ ಗಾಯಕ ಟಿ.ಎಂ. ಕೃಷ್ಣ ಎಣ್ಣೂರು ಅಳಿವೆಯ ಹಾರುಬೂದಿಯ ನಡುವೆ ನಿಂತು ‘ಚೆನ್ನೈ ಪೊರಂಬೋಕು ಪಾಡಲ್’ ಹಾಡಿದರು. ಕಬೇರ್ ವಾಸುಕಿಯ ಆಡುಮಾತಿನ ಸಾಹಿತ್ಯ, ಕರ್ನಾಟಕ ಸಂಗೀತದ ರಾಗಗಳು, ಯೂಟ್ಯೂಬಿನ ವೇದಿಕೆ. ಎಲ್ಲರಿಗೂ ಸೇರಿದ ನೆಲ ಎಂಬ ಅರ್ಥದ ಪೊರಂಬೋಕು ಬೈಗುಳವಾಗಿ ಇಳಿದ ಕಥೆ ಅದರಲ್ಲಿದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಜಮೀನು ದಾಖಲೆಗಳಲ್ಲಿ ಅದೇ ಪದ ಇವತ್ತಿಗೂ ಕೂತಿರುವುದರಿಂದ ಮಂಗಳೂರಿನ ಕಡೆಯವರಿಗೆ ಆ ಹಾಡು ಬೇಗ ತಟ್ಟುತ್ತದೆ.

2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮತ್ತೆ ಮುಳುಗಿತು, ಸಿಗ್ನಲ್ ಮತ್ತೆ ಹೋಯಿತು. ಮರುದಿನ ಕಾರಪಾಕ್ಕಂನಲ್ಲಿ ಸಿಕ್ಕಿಕೊಂಡಿದ್ದ ನಟ ವಿಷ್ಣು ವಿಶಾಲ್ ಹಾಕಿದ ಸಂದೇಶಕ್ಕೆ ರಕ್ಷಣಾ ದೋಣಿ ಬಂತು, ಅವರ ಜೊತೆ ಆಮಿರ್ ಖಾನರೂ ಪಾರಾದರು. ಲಕ್ಷಾಂತರ ಜನ ಹಿಂಬಾಲಿಸುವವರ ಮೊರೆ ಬೇಗ ಕೇಳಿಸುತ್ತದೆ, ಉತ್ತರ ಚೆನ್ನೈನ ಗಲ್ಲಿಯವರ ಮೊರೆ ತಡವಾಗಿ ಕೇಳಿಸುತ್ತದೆ. ಸೇವಾ ಸಂಸ್ಥೆಗಳು ಇಷ್ಟು ವರ್ಷ ತುಂಬಲು ಒದ್ದಾಡಿದ್ದು ಈ ಅಂತರವನ್ನೇ. ಅದೇ ವಾರ ಮಣಲಿಯ ಕಡೆಯಿಂದ ನೆರೆನೀರಿನೊಂದಿಗೆ ಹರಿದ ತೈಲ ಕೊಸಸ್ಥಲೈಯಾರ್ ನದಿಯ ಮೂಲಕ ಎಣ್ಣೂರು ಅಳಿವೆ ಸೇರಿತು. ದೋಣಿ, ಬಲೆ, ಹೆಜ್ಜಾರ್ಲೆ ಹಕ್ಕಿಗಳ ರೆಕ್ಕೆ ಎಲ್ಲಕ್ಕೂ ಕಪ್ಪು ಜಿಡ್ಡು ಮೆತ್ತಿತ್ತು. ಮೊಬೈಲಿನಲ್ಲಿ ಹಿಡಿದ ಆ ಚಿತ್ರಗಳು ಊರೂರು ತಿರುಗಿದವು, ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅಳಿವೆಯಲ್ಲಿ ಮೀನುಗಾರರು ತಮ್ಮದೇ ದೋಣಿಗಳಲ್ಲಿ ಕುಳಿತು, ಬಕೆಟ್ಟಿನಿಂದ ತೈಲ ಮೊಗೆದು ಡ್ರಮ್ಮಿಗೆ ತುಂಬುತ್ತಿದ್ದರು.