ಗಾಡಿ ಎಣ್ಣೆ, ಚೈನಿನ ಎಣ್ಣೆ

ನಮ್ಮ ಕಳವಾರದ ಮನೇಲಿ ಸೈಕಲ್‌ಗಿಂತ ಮುಂಚೆ ಎತ್ತಿನ ಗಾಡಿ ಇತ್ತು, ಗಾಡಿ ಜತೆ ಕೀಲೆಣ್ಣೆ ಇತ್ತು. ಸುಟ್ಟ ಹುಲ್ಲಿನ ಕರೀನ ಹರಳೆಣ್ಣೆಗೆ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿ ಅಡಿಗೆ ನೇತಾಕಿರ್ತಿದ್ರು. ಅದು ತಾಕಿದ ಬಟ್ಟೆ ಮತ್ತೆ ಬೆಳ್ಳಗಾಗಿದ್ದು ನಾನಂತೂ ಕಂಡಿಲ್ಲ. ಗಾಡಿ ಅಚ್ಚು ದಪ್ಪ, ಚಕ್ರ ತಿರುಗೋದು ನಿಧಾನ, ಮೇಲೆ ಭಾರ ಜಾಸ್ತಿ. ಅಂಥ ಕಡೆ ಹರಿದುಹೋಗದೆ ಅಂಟ್ಕೊಂಡು ಕೂತಿರೋ ಎಣ್ಣೆನೇ ಬೇಕು. ಆ ಲೆಕ್ಕದಲ್ಲಿ ತಾತ ತಪ್ಪಿದೋರಲ್ಲ. ತಪ್ಪಿದ್ದು, ಮನೆಗೆ ಬಂದ ಸೈಕಲ್ಲಿನ ಚೈನಿಗೂ ಅದನ್ನೇ ಬಳಿದಾಗ.

ಹಂಗಂತ ಹರಳೆಣ್ಣೆನ ಹಗುರವಾಗಿ ನೋಡ್ಬೇಡಿ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಮೋಟಾರು ಎಣ್ಣೆಗೆ ಇದನ್ನ ಬೆರೆಸಿ, ಕ್ಯಾಸ್ಟರ್ ಅನ್ನೋ ಇದರ ಇಂಗ್ಲಿಷ್ ಹೆಸರಿಂದಲೇ ‘ಕ್ಯಾಸ್ಟ್ರಾಲ್’ ಅಂತ ಹೆಸರಿಟ್ಟಿತು. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರ ಸುತ್ತೋ ಎಂಜಿನ್ ಇರ್ತಿದ್ವು. ಅವಕ್ಕೂ ಹರಳೆಣ್ಣೆನೇ, ಯಾಕಂದ್ರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗಲ್ಲ. ನಮ್ಮಜ್ಜಿ ಹೊಟ್ಟೆ ತೊಳೆಯೋಕೆ ಮಕ್ಕಳ ಮೂಗು ಹಿಡಿದು ಕುಡಿಸ್ತಿದ್ದದ್ದೂ ಇದೇ ಎಣ್ಣೆ.

ಆದ್ರೆ ಸೈಕಲ್ ಚೈನಿನ ಕಥೆ ಬೇರೆ. ಈಗ ನಾವು ತುಳಿಯೋ ನಮೂನೆ ಚೈನಿಗೆ 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಪೇಟೆಂಟ್ ಮಾಡಿಸಿದ. ಅರ್ಧ ಇಂಚಿಗೊಂದು ಪಿನ್ನು, ಅದರ ಸುತ್ತ ಬುಷ್ಷು, ಬುಷ್ಷಿನ ಮೇಲೆ ಉರುಳೋ ರೋಲರು. ಸವೆತ ಇರೋದು ಪಿನ್ನೂ ಬುಷ್ಷೂ ಉಜ್ಜೋ ಕಡೆ, ಕಣ್ಣಿಗೆ ಕಾಣೋ ಕಡೆ ಅಲ್ಲ. ಆ ಸಂದಿಗೆ ಇಳಿಯೋದು ತೆಳು ಎಣ್ಣೆ ಮಾತ್ರ. ಕೀಲೆಣ್ಣೆ ಹೊರಗೇ ಕೂತು ನಮ್ಮೂರ ಕೆಂಪು ಧೂಳನ್ನೆಲ್ಲ ಹಿಡ್ಕೊಳ್ತಿತ್ತು, ಪಿನ್ನಿಗೆ ಸಾಣೆ ಹಿಡಿದಂಗೆ ಆಗ್ತಿತ್ತು. ಒಂದೊಂದು ಪಿನ್ನು ಒಂಚೂರು ಸವೆದ್ರೂ ಸಾಕು, ನೂರಕ್ಕೂ ಮಿಕ್ಕಿದ ಪಿನ್ನುಗಳ ಸವೆತ ಸೇರಿ ಚೈನು ಉದ್ದ ಆಗಿ ಜೋಲುತ್ತೆ.

ನಮ್ಮದು ಜೋಲಿ ಜೋಲಿ ಒಂದಿನ ತುಂಡಾಯ್ತು. ಆಗಿನ್ನೂ ನಾವು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅಪ್ಪ ಕ್ಯಾರಿಯರ್ ಮೇಲೆ ರೇಷ್ಮೆಗೂಡಿನ ಮೂಟೆ ಕಟ್ಕೊಂಡು ಬೆಳಗಿನ ಜಾವವೇ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ಗೆ ಹೊರಟಿದ್ರು. ಅರ್ಧ ದಾರೀಲಿ ಚೈನು ಹೋಯ್ತು. ತಳ್ಕೊಂಡು ತಲುಪೋ ಹೊತ್ತಿಗೆ ಹರಾಜು ಮುಗಿದಿತ್ತು. ಗೂಡು ರಾಗಿ ಥರ ಕಾಯೋ ಮಾಲಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡ್ಕೊಂಡು ಹೊರಗೆ ಬಂದ್ರೆ ನೂಲು ಬಿಚ್ಚೋಕೆ ಬರಲ್ಲ. ಮಾರನೇ ದಿನ ಸಿಕ್ಕಿದ ರೇಟಿಗೆ ಕೊಟ್ಟು ಬಂದ್ರು. ಆ ಬೆಳೆ ದುಡ್ಡಲ್ಲಿ ಅಮ್ಮನ ಓಲೆ ಬಿಡಿಸ್ಬೇಕಿತ್ತು. ಓಲೆ ಇನ್ನೊಂದು ಬೆಳೆವರೆಗೂ ಗಿರವಿಯಲ್ಲೇ ಉಳೀತು. ಅಮ್ಮ ಏನೂ ಅನ್ನಲಿಲ್ಲ, ಕಿವಿಗೆ ಬೇವಿನ ಕಡ್ಡಿ ಚುಚ್ಕೊಂಡು ಓಡಾಡಿದ್ರು.

ಆಮೇಲೆ ಮನೇಲಿ ಎಣ್ಣೆ ಪರೀಕ್ಷೆ ಶುರುವಾಯ್ತು. ಕೊಬ್ಬರಿ ಎಣ್ಣೆ ಚಳಿಗಾಲಕ್ಕೆ ಚೈನಿನ ಮೇಲೇ ಹೆಪ್ಪುಗಟ್ತು. ಹೊಲಿಗೆ ಮಿಷನ್ ಎಣ್ಣೆ ಸಂದಿಗೇನೋ ಇಳೀತು, ಒಂದು ಮಳೆಗೆ ತೊಳೆದೂ ಹೋಯ್ತು. ಸೀಮೆಎಣ್ಣೆ ಕೊಳೆ ತೆಗೆಯೋಕೆ ಚೆನ್ನ, ಅದನ್ನೇ ನಂಬಿದ್ರೆ ಚೈನು ಒಣಗಿ ಕಿರ್ ಅನ್ನುತ್ತೆ. ಕೊನೆಗೆ ನಿಂತಿದ್ದು ಮೋಟಾರಿಗೆ ಹಾಕೋ ಹೊಸ ಎಣ್ಣೆ. ರಾತ್ರಿ ರೋಲರಿಗೊಂದು ತೊಟ್ಟು ಬಿಟ್ಟು, ಬೆಳಿಗ್ಗೆ ಹೊರಗಿಂದೆಲ್ಲ ಹಳೇ ಪಂಚೆ ತುಂಡಲ್ಲಿ ಒರೆಸಿಬಿಡೋದು. ಒರೆಸೋದೇ ಮುಖ್ಯ. ಅದನ್ನ ಕಲಿಸಿದ್ದು ಮೆಕ್ಯಾನಿಕ್ ಅಲ್ಲ, ಅಜ್ಜಿ. ಹುಳಕ್ಕೆ ಘಾಟು ವಾಸನೆ ಆಗಲ್ಲ, ಎಣ್ಣೆ ತಾಕಿದ ಸೊಪ್ಪು ಹಾಕೋ ಹಂಗೂ ಇಲ್ಲ. ಹೊರೆ ಜೋತು ಚೈನಿಗೆ ತಗಲಿದ್ರೆ ಅಜ್ಜಿ ಅಷ್ಟು ಸೊಪ್ಪನ್ನೂ ದನಕ್ಕೂ ಹಾಕದೆ ತಿಪ್ಪೆಗೆ ಎಸೀತಿದ್ರು. ಸೈಕಲ್ಲು ಹುಳದ ಮನೆ ಬಾಗಿಲಿಂದ ಹತ್ತು ಮಾರು ದೂರವೇ ನಿಲ್ಲಬೇಕಿತ್ತು.

ಈಗ ಬೆಂಗಳೂರಿಂದ ನಂದಿ ಕಡೆ ಸೈಕಲ್ ತುಳ್ಕೊಂಡು ಬರೋರ ಹತ್ರ ಬೇಸಿಗೆಗೊಂದು, ಮಳೆಗೊಂದು ಪುಟ್ಟ ಸೀಸೆ ಇರುತ್ತೆ, ಕೆಲವರು ಚೈನನ್ನ ಕಾಯಿಸಿದ ಮೇಣದಲ್ಲೇ ಅದ್ದುತಾರೆ. ಧೂಳು ಅಂಟದಿರಲಿ ಅಂತ. ತಾತ ಮಾತ್ರ ಕೊನೇವರೆಗೂ ಸೋಲಲಿಲ್ಲ. “ಎಣ್ಣೇದೇನೂ ತಪ್ಪಿಲ್ಲ ಕಣೋ, ನಿಮ್ಮಪ್ಪನ ಚೈನೇ ಕಳಪೆ” ಅಂತಿದ್ರು.