ಅಪ್ಪನ ರಿಟೈರ್ಮೆಂಟು ಮತ್ತು ಆರೋಗ್ಯ ವಿಮೆಯ ಕಥೆ

ಕಳೆದ ವರ್ಷ ಅಪ್ಪ ರಿಟೈರ್ ಆದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ... ಎಲ್ಲಾ ಆಯ್ತು. ಅದೇ ದಿನ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೂಡಾ ರಿಟೈರ್ ಆಯ್ತು! ಅಪ್ಪನಿಗೆ ಸುಮಾರು ಹದಿನೈದು ವರ್ಷದಿಂದ ಶುಗರ್ ಇದೆ. ನನ್ನ ಕಂಪನಿಯ ಪಾಲಿಸಿಯಲ್ಲಿ ಅವರನ್ನ ಸೇರಿಸಿದ್ದೇನೆ ನಿಜ, ಆದ್ರೆ ನಾನು ಕೆಲಸ ಬಿಟ್ಟ ದಿನ ಅದೂ ಹೋಗುತ್ತೆ. ಐಟಿ ಕೆಲಸದ ಗ್ಯಾರಂಟಿ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಸರಿ, ಎಕ್ಸೆಲ್ ಶೀಟ್ ಹಾಕಿಕೊಂಡು ಪಾಲಿಸಿಗಳನ್ನ ಹೋಲಿಸೋಕೆ ಕೂತೆ. ಅರವತ್ತು ವಯಸ್ಸು, ಶುಗರ್ ಅಂತ ತುಂಬಿದ ಕೂಡಲೇ ಪ್ರೀಮಿಯಂ ನೋಡಿ ತಲೆ ಬಿಸಿಯಾಯ್ತು. "ಹತ್ತು ವರ್ಷ ಮುಂಚೆನೇ ಒಂದು ಪಾಲಿಸಿ ಮಾಡಿಸಿದ್ರೆ ಈ ಪಾಡು ಇರ್ತಿರಲಿಲ್ಲ" ಅಂತ ಸ್ವಲ್ಪ ಜೋರಾಗೇ ಅಂದುಬಿಟ್ಟೆ. ಅಪ್ಪ ಏನೂ ಹೇಳದೆ ಪೇಪರ್ ಓದೋಕೆ ಶುರು ಮಾಡಿದರು.

ಅಪ್ಪ ಯಾಕೆ ಮಾಡಿಸಲಿಲ್ಲ? ಈ ಪ್ರಶ್ನೆ ಹಿಡಿದು ಹೊರಟವನಿಗೆ ಸಿಕ್ಕಿದ್ದು ನಮ್ಮ ದೇಶದ ಆರೋಗ್ಯ ವಿಮೆಯ ಇತಿಹಾಸ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆರೋಗ್ಯ ರಕ್ಷಣೆ ಕೆಲಸದ ಜೊತೆಗೇ ಬರುತ್ತಿತ್ತು. 1948ರಲ್ಲಿ ಇಎಸ್ಐ ಕಾಯ್ದೆ ಬಂತು, 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯ್ತು. 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗಾಗಿ ದೆಹಲಿಯಲ್ಲಿ ಸಿಜಿಎಚ್ಎಸ್ ಬಂತು. ಇವತ್ತಿಗೂ ಕೇಂದ್ರದ ಪಿಂಚಣಿದಾರರು ಹತ್ತು ವರ್ಷದ ವಂತಿಗೆಯನ್ನ ಒಂದೇ ಸಲ ಕಟ್ಟಿದರೆ ಜೀವನಪೂರ್ತಿ ಕಾರ್ಡ್ ಸಿಗುತ್ತೆ. ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಯಾರೂ ಕೇಳಲ್ಲ. ರೈಲ್ವೆಯವರಿಗೆ ಅವರದೇ ಆಸ್ಪತ್ರೆಗಳು. ಮಾಜಿ ಸೈನಿಕರಿಗೆ 2003ರಲ್ಲಿ ಇಸಿಎಚ್ಎಸ್ ಬಂತು. ಇಎಸ್ಐನಲ್ಲೂ ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರಿಗೆ ವರ್ಷಕ್ಕೆ ಬರೀ 120 ರೂಪಾಯಿಗೆ ಚಿಕಿತ್ಸೆ ಇದೆ. ಆದ್ರೆ ಅಪ್ಪ ಇಎಸ್ಐ ಒಳಗೆ ಇದ್ದದ್ದು ಮೂರೇ ವರ್ಷ. ಆಮೇಲೆ ಸಂಬಳ ಮಿತಿ ದಾಟಿತು. ಪ್ರಮೋಷನ್ ಆಯ್ತು ಅಂತ ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದರಂತೆ!

ಈ ಯಾವ ಗುಂಪಿಗೂ ಸೇರದ ಖಾಸಗಿ ನೌಕರ, ಅಂಗಡಿಯವನು, ರೈತ ಏನು ಮಾಡಬೇಕಿತ್ತು? 1972ರ ಕಾಯ್ದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕಾದವು. ಆ ನಾಲ್ಕು ಕಂಪನಿಗಳು 1986ರಲ್ಲಿ 'ಮೆಡಿಕ್ಲೇಮ್' ತಂದವು. ಜನಸಾಮಾನ್ಯ ದುಡ್ಡು ಕೊಟ್ಟು ಕೊಳ್ಳಬಹುದಾದ ಆಸ್ಪತ್ರೆ ವಿಮೆ ದೇಶದಾದ್ಯಂತ ಸಿಕ್ಕಿದ್ದು ಆವಾಗಲೇ. ಆದ್ರೆ ಅದರಲ್ಲಿ ಒಂದು ಷರತ್ತು ಇತ್ತು: ಪಾಲಿಸಿ ತಗೊಳ್ಳೋ ಮುಂಚೆ ಇದ್ದ ಕಾಯಿಲೆಗೆ ದುಡ್ಡು ಬರಲ್ಲ. ಎರಡು ವರ್ಷ, ನಾಲ್ಕು ವರ್ಷ ಅಂತಲ್ಲ, ಯಾವತ್ತೂ ಬರಲ್ಲ! ಅಂದ್ರೆ ವಯಸ್ಸಾದವರಿಗೆ ಯಾವುದಕ್ಕೆ ವಿಮೆ ಬೇಕೋ ಅದನ್ನೇ ಬಿಟ್ಟು ಉಳಿದದ್ದಕ್ಕೆಲ್ಲಾ ವಿಮೆ.

ಪ್ರತಿವರ್ಷ ರಿನ್ಯೂ ಮಾಡೋದು ಇನ್ನೊಂದು ತಲೆನೋವು. ಕ್ಲೇಮ್ ಮಾಡಿದವರಿಗೆ ರಿನ್ಯೂವಲ್ ನಿರಾಕರಿಸಿದ ಪ್ರಕರಣಗಳು ಕೋರ್ಟ್ ಮೆಟ್ಟಿಲು ಹತ್ತಿದವು. 2001ರಲ್ಲಿ ಬಿಮನ್ ಕೃಷ್ಣ ಬೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ವಿಮಾ ಕಂಪನಿ ಮನಸ್ಸಿಗೆ ಬಂದಂತೆ ರಿನ್ಯೂವಲ್ ನಿರಾಕರಿಸುವ ಹಾಗಿಲ್ಲ ಅಂತ ಹೇಳಿತು. ಅಷ್ಟರಲ್ಲಿ 1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಬಂದು, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿತ್ತು.

ನಮ್ಮ ಕರ್ನಾಟಕದ ಕೊಡುಗೆಯನ್ನ ಇಲ್ಲಿ ಹೇಳಲೇಬೇಕು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಶುರುವಾಯ್ತು. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು. ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ, 75 ವರ್ಷದವರೆಗೂ ಪ್ರವೇಶ. ನಗರದ ಕಂಪನಿಗಳು ವಯಸ್ಸು ನೋಡಿ ಹಿಂದೆ ಸರಿಯುತ್ತಿದ್ದಾಗ ಹಳ್ಳಿಯ ಅಜ್ಜನಿಗೆ ಹೃದಯದ ಆಪರೇಷನ್‌ಗೆ ಒಂದು ದಾರಿ ಆಗಿತ್ತು. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮಾತ್ರ ಅನ್ನೋದು ಮಿತಿ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು.

ಈಗ 2007ಕ್ಕೆ ಬನ್ನಿ. ಅಲ್ಲಿವರೆಗೆ ಬೆಂಕಿ ವಿಮೆಯಂಥವುಗಳ ದರ ನಿಗದಿಯಾಗಿತ್ತು, ಅದರ ಲಾಭದಲ್ಲಿ ಕಂಪನಿಗಳು ಆರೋಗ್ಯ ವಿಮೆಯ ನಷ್ಟ ತುಂಬಿಕೊಳ್ಳುತ್ತಿದ್ದವು. 2007ರ ಜನವರಿಯಿಂದ ಆ ದರಗಳು ಮುಕ್ತವಾದವು. ಪೈಪೋಟಿಯಲ್ಲಿ ಅಲ್ಲಿನ ಲಾಭ ಕರಗಿತು, ಹಿರಿಯರ ಪ್ರೀಮಿಯಂ ಮೇಲೆ ಹೊರೆ ಬಿತ್ತು. ಗಲಾಟೆ ಎದ್ದಾಗ ಹಿರಿಯ ನಾಗರಿಕರ ವಿಮೆಗೆಂದೇ ಪ್ರಾಧಿಕಾರ ಒಂದು ಸಮಿತಿ ಮಾಡಿತು. ಆಮೇಲೆ ಒಂದೊಂದೇ ಬಾಗಿಲು ತೆರೆಯುತ್ತಾ ಹೋಯ್ತು:

2008: ಹಳೇ ಕಾಯಿಲೆಯ ಶಾಶ್ವತ ಬಹಿಷ್ಕಾರ ಹೋಗಿ, ಹೆಚ್ಚೆಂದರೆ ನಾಲ್ಕು ವರ್ಷದ ಕಾಯುವಿಕೆ.
2009: ಹೊಸ ಪಾಲಿಸಿಗಳಲ್ಲಿ ಕನಿಷ್ಠ 65 ವರ್ಷದವರೆಗೆ ಪ್ರವೇಶ ಕೊಡಲೇಬೇಕು.
2011: ಕಾದ ವರ್ಷಗಳನ್ನ ಕಳೆದುಕೊಳ್ಳದೆ ಕಂಪನಿ ಬದಲಿಸುವ ಪೋರ್ಟಬಿಲಿಟಿ.
2013: ಜೀವನಪೂರ್ತಿ ರಿನ್ಯೂವಲ್.
2024: ಯಾವ ವಯಸ್ಸಿನವರಿಗೂ ಪಾಲಿಸಿ ಇರಬೇಕು, ಕಾಯುವಿಕೆ ಮೂರು ವರ್ಷ ಮೀರುವಂತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ಆದಾಯ ನೋಡದೆ ಆಯುಷ್ಮಾನ್ ಭಾರತ್ ಅಡಿ 5 ಲಕ್ಷ.
2025: ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರವನ್ನ ಕೇಳಬೇಕು (ಜನವರಿ). ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿ ರದ್ದು (ಸೆಪ್ಟೆಂಬರ್).

ಈ ಪಟ್ಟಿ ನೋಡಿ ನನಗೆ ಅನ್ನಿಸಿದ್ದು ಇಷ್ಟು. ನಾವು ಹೋಲಿಸೋದು ಪ್ರೀಮಿಯಂ ಮತ್ತು ಕವರ್ ಮೊತ್ತವನ್ನ. ಆದ್ರೆ ನಲವತ್ತು ವರ್ಷ ಜಗಳ ನಡೆದದ್ದು ಬೇರೆ ಮೂರು ವಿಷಯಕ್ಕೆ: ಒಳಗೆ ಬಿಡ್ತಾರಾ, ಇರೋ ಕಾಯಿಲೆಗೆ ಯಾವತ್ತಿಂದ ಕೊಡ್ತಾರೆ, ಕೊನೆವರೆಗೂ ಇಟ್ಟುಕೊಳ್ತಾರಾ. ರಿಟೈರ್ ಆದವರಿಗೆ ಹೋಲಿಸುವಾಗ ಇವೇ ಮೊದಲ ಮೂರು ಕಾಲಂ ಆಗಬೇಕು. ಆಮೇಲೆ ಕೋ-ಪೇ (ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು), ರೂಮ್ ಬಾಡಿಗೆ ಮಿತಿ, ನಮ್ಮೂರ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅನ್ನೋದು. ಪ್ರೀಮಿಯಂ ಕೊನೆಗೆ. ಆಯುಷ್ಮಾನ್ ಕೂಡಾ ರಾಜ್ಯದಿಂದ ರಾಜ್ಯಕ್ಕೆ ಜಾರಿಯಲ್ಲಿ ವ್ಯತ್ಯಾಸ ಇದೆ, ಆಸ್ಪತ್ರೆಯಲ್ಲಿ ವಿಚಾರಿಸಿಯೇ ನಂಬಿ.

ಇನ್ನೊಂದು ಮಾತು. ಗ್ರೂಪ್ ಪಾಲಿಸಿಯಲ್ಲಿ ಇದ್ದವರು ಅದು ಮುಗಿಯೋ ಮುಂಚೆ ಅರ್ಜಿ ಹಾಕಿದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು, ಕಾದ ವರ್ಷಗಳ ಲೆಕ್ಕವೂ ಸಿಗುತ್ತೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದ್ರೂ ರಿಟೈರ್ ಆಗೋದಿದ್ರೆ ದಯವಿಟ್ಟು ಈಗಲೇ ಕೇಳಿ.

ಕೊನೆಗೆ ಅಪ್ಪನ ವಿಷಯ. 1986ರಲ್ಲಿ ಅವರಿಗೆ ಇಪ್ಪತ್ತೊಂದು, ವಿಮೆ ಅಂದ್ರೆ ಎಲ್ಐಸಿ ಅಂತ ಮಾತ್ರ ಗೊತ್ತಿತ್ತು. ಬಾಗಿಲು ಸರಿಯಾಗಿ ತೆರೆಯೋ ಹೊತ್ತಿಗೆ ಶುಗರ್ ಬಂದಿತ್ತು. ಆದ್ರೂ 2016ರಲ್ಲಿ ಒಂದು ಪಾಲಿಸಿ ಮಾಡಿಸಬಹುದಿತ್ತು ಅನ್ನೋ ನನ್ನ ಲೆಕ್ಕ ತಪ್ಪಲ್ಲ, 2020ಕ್ಕೆ ಶುಗರ್‌ಗೂ ಕವರ್ ಸಿಗುತ್ತಿತ್ತು. ಇದನ್ನ ಅಮ್ಮನಿಗೆ ಹೇಳಿದೆ. ಅಮ್ಮ ಕಾಫಿ ಸೋಸುತ್ತಾ ಅಂದಳು: "ಆ ವರ್ಷ ಏಜೆಂಟ್ ಮನೆಗೆ ಬಂದಿದ್ದ ಕಣೋ. ಫಾರಂ ಕೂಡಾ ತುಂಬಿದ್ದರು. ನಿನ್ನ ಇಂಜಿನಿಯರಿಂಗ್ ಸೀಟಿಗೆ ಫೀಸು ಕಟ್ಟಬೇಕಾಯ್ತಲ್ಲ..."

ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಈಗ ಅಪ್ಪನಿಗೆ 5 ಲಕ್ಷದ ಒಂದು ಪಾಲಿಸಿ, ಅದರ ಮೇಲಿನ ಖರ್ಚಿಗೆ ಸೂಪರ್ ಟಾಪ್-ಅಪ್ ಮಾಡಿಸಿದ್ದೇನೆ. ಶುಗರ್ ಲೆಕ್ಕಕ್ಕೆ ಬರೋಕೆ ಮೂರು ವರ್ಷ ಕಾಯಬೇಕು. ಅಲ್ಲಿವರೆಗೆ ನನ್ನ ಕಂಪನಿ ಪಾಲಿಸಿ ಮತ್ತು ಅದಕ್ಕಂತಲೇ ಇಟ್ಟ ಒಂದು ಎಫ್‌ಡಿ. ಪೇಪರ್‌ಗಳನ್ನ ಕೊಟ್ಟಾಗ ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲಾ ಪುಟ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು:

"ನಿನ್ನ ಹೆಸರಲ್ಲಿ ಸ್ವಂತದ್ದು ಒಂದು ಮಾಡಿಸಿಕೊಂಡ್ಯಾ?"

ಇಲ್ಲ. ಈ ವಾರ ಮಾಡಿಸ್ತೀನಿ. ನೀವು?